ಮರದ ಕುದುರೆ ಮತ್ತು ಅಗಸರ ಕತ್ತೆ

ಅಗಸರ ಕತ್ತೆಯೊಂದು ತಾನು ಉಳಿಸಿಟ್ಟ ಹುರುಳಿಯನ್ನೆಲ್ಲ ಆಟದ ತೋಟದ ಬಾಗಿಲು ಕಾಯುವ ಕೋತಿಗೆ ಕೊಟ್ಟು ಒಳಗೆ ಹೋಗಿ, ಗರಗರ ತಿರುಗುವ ಮರದ ಕುದುರೆಯ ಮೇಲೆ ಸವಾರಿ ಮಾಡಿತು.

"ನೀನು ಹತ್ತಿದ ಜಾಗದಲ್ಲೇ ಇಳಿದೆ. ಇದಕ್ಕೆ ಅಷ್ಟು ಹುರುಳಿ ಕೊಡಬೇಕಿತ್ತೆ?" ಎಂದು ಕುದುರೆ ಕೇಳಿತು.

"ಹುಟ್ಟಿದಾಗಿನಿಂದ ನಾನು ಹೊತ್ತದ್ದೇ ಹೊತ್ತದ್ದು. ನನ್ನನ್ನು ಹೊತ್ತವನು ನೀನೊಬ್ಬನೇ. ನನಗೆ ದುಬಾರಿ ಅನಿಸಲಿಲ್ಲ," ಎಂದಿತು ಕತ್ತೆ.

ಕುದುರೆ, "ನನ್ನನ್ನೂ ಒಮ್ಮೆ ಬೆನ್ನ ಮೇಲೆ ಕೂರಿಸಿಕೊಂಡು ಹೊಳೆಯವರೆಗೆ ಕರೆದೊಯ್ಯುತ್ತೀಯಾ? ಕೊಡಲು ನನ್ನಲ್ಲಿ ಏನೂ ಇಲ್ಲ," ಎಂದಿತು.

ಕುದುರೆಯ ಹೊಟ್ಟೆಯನ್ನು ತೂರಿ ನೆಲಕ್ಕಿಳಿದಿದ್ದ ಕಬ್ಬಿಣದ ಕಂಬವನ್ನು ಕತ್ತೆ ನೋಡಿತು. ಆಗದು ಎನ್ನಲು ಬಾಯಿ ಬರಲಿಲ್ಲ. ತೋಟದ ಬಾಗಿಲು ಹಾಕುವವರೆಗೂ ಪಕ್ಕದಲ್ಲೇ ನಿಂತು, ಹೊಳೆಗೆ ಹೋಗುವ ದಾರಿ ಹೇಗಿದೆಯೆಂದು ಹೇಳುತ್ತಲೇ ಇತ್ತು.