ನರಸಿಂಹನ ಸೊಂಟದ ಬೀಗದ ಕೈ

"ಗುಡಿ ಬಿದ್ದುಹೋದ ಮೇಲೆ ಅಲ್ಲಿದ್ದ ದೇವರು ಎಲ್ಲಿಗೆ ಹೋಗುತ್ತಾನೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಕಣ್ಣು ಕೆಂಪಾಗಿತ್ತು. ಸುಮ್ಮನೆ ಬಾಯಿಗೆ ಬಂದ ಪ್ರಶ್ನೆ ಇದಲ್ಲ ಎಂದು ಅವರಿಗೆ ತಿಳಿಯಿತು. ಎಲ್ಲಿಗೆ ಹೋಗಿದ್ದೆ ಎಂದು ವಿಚಾರಿಸಿದರು.

ಶಿಷ್ಯ ಬೆಟ್ಟದ ಮೇಲಿನ ಹಳೆಯ ಕೋಟೆಗೆ ಹೋಗಿದ್ದ. ಹತ್ತುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಕೋಟೆಯ ಹೆಬ್ಬಾಗಿಲಿನ ಹೊರಗೆ ಒಂದು ಕೊಳ, ಕೊಳದ ದಂಡೆಯಲ್ಲಿ ಒಂದು ಮಂಟಪ. ಅಲ್ಲಿ ಕುಳಿತಾಗ ಕುಂಬಾರಗೇರಿಯ ಹೆಂಗಸೊಬ್ಬಳು ಒಂದು ಕುಡಿಕೆ ಅಂಬಲಿ ತಂದುಕೊಟ್ಟಳು. ಕುಡಿದವನೇ ಚಪ್ಪಲಿ ಬಿಚ್ಚುವ ತ್ರಾಣವೂ ಇಲ್ಲದೆ ಹಾಗೆಯೇ ಮಲಗಿಬಿಟ್ಟ. ಎದ್ದ ಮೇಲೆ ಕೋಟೆಯೊಳಗೆ ಹೋಗಿ ನರಸಿಂಹನ ಗುಡಿ ಹುಡುಕಿದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಕಾಲಿಟ್ಟರೆ ಗರ್ಭಗುಡಿಯಲ್ಲಿ ಬಾವಲಿಗಳು ತೂಗುತ್ತಿದ್ದವು. ಪೀಠ ಖಾಲಿ. ಅಷ್ಟು ದೊಡ್ಡ ದೇವರು ದಿಕ್ಕಿಲ್ಲದವನಾದನಲ್ಲ ಎಂದು ಅವನು ಅಲ್ಲೇ ನಿಂತು ಅತ್ತಿದ್ದ.

"ಮಂಟಪದಲ್ಲಿ ನಿದ್ದೆ ಬಂತೇ?" ಎಂದರು ಗುರುಗಳು.

"ಬಂತು. ಮಕ್ಕಳು ಗಲಾಟೆ ಮಾಡುತ್ತಿದ್ದವು, ಆ ಹೆಂಗಸು ಗದರಿಸಿ ದೂರ ಕಳಿಸಿದಳು. ಆದರೆ ನಾನು ಕೇಳಿದ್ದು ಅದಲ್ಲ."

"ಗೊತ್ತು. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಅದೇ ಕೋಟೆಯಲ್ಲಿ ಹಿಂದೆ ಒಬ್ಬ ಪಾಳೆಯಗಾರ ಆಳುತ್ತಿದ್ದ. ಅವನ ಹೆಬ್ಬಾಗಿಲಿಗೆ ಒಬ್ಬ ಕಾವಲುಗಾರನಿದ್ದ. ವಂಶಪಾರಂಪರ್ಯದ ಕೆಲಸ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಎಲ್ಲ ಊರಲ್ಲೂ ಇದೆ. ಆ ಊರಿನ ಜನ ಮಾತ್ರ ಅದು ಈ ಕಾವಲುಗಾರನ ಮುತ್ತಾತನ ಮೇಲೇ ಹುಟ್ಟಿದ ಗಾದೆ ಎನ್ನುತ್ತಿದ್ದರು. ನಿಜವೋ ಸುಳ್ಳೋ, ಸಂತೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಂದರಲ್ಲಿ ಅವನನ್ನು ಅದೇ ಮಾತಿನಿಂದ ಕೆಣಕುತ್ತಿದ್ದರು. ಅವನು ನಗುತ್ತಿದ್ದ. ಒಳಗೆ ಮಾತ್ರ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಹಾಗಾಗಿ ಸಂಜೆಯ ನಗಾರಿ ಮೊಳಗಿತೆಂದರೆ ಮುಗಿಯಿತು, ಅವನು ಬಾಗಿಲು ಹಾಕುತ್ತಿದ್ದ. ಹುಲ್ಲಿನ ಹೊರೆ ಹೊತ್ತವಳು ಕೂಗಿಕೊಂಡು ಓಡಿ ಬಂದರೂ ನಿಲ್ಲುತ್ತಿರಲಿಲ್ಲ. ಒಮ್ಮೆ ಸ್ವಂತ ಮಾವನನ್ನೇ ಹೊರಗೆ ಬಿಟ್ಟಿದ್ದ. ಹೆಂಡತಿ ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಆ ಬಾಗಿಲಿನ ಬೀಗ ತೊಡೆಯಷ್ಟು ದಪ್ಪದ್ದು. ಹಾಕಲು ಬೀಗದ ಕೈ ಬೇಕಿಲ್ಲ. ಸರಳನ್ನು ಒತ್ತಿದರೆ ತಾನೇ ಕಚ್ಚಿಕೊಳ್ಳುತ್ತಿತ್ತು. ತೆರೆಯಲು ಮಾತ್ರ ಬೀಗದ ಕೈ ಬೇಕು. ಇದ್ದದ್ದು ಒಂದೇ ಕೈ. ಅದು ಪಾಳೆಯಗಾರನ ಬಳಿ ಇರುತ್ತಿತ್ತು.

ವರ್ಷಕ್ಕೊಂದು ದಿನ ಮಾತ್ರ ಅವನ ಬಳಿ ಇರುತ್ತಿರಲಿಲ್ಲ. ನರಸಿಂಹ ಜಯಂತಿಯ ದಿನ ಕೋಟೆಗೆ ದೇವರೇ ಒಡೆಯ ಎಂಬುದು ಅಲ್ಲಿಯ ಪದ್ಧತಿ. ಬೆಳಿಗ್ಗೆ ಪಾಳೆಯಗಾರನೇ ಬಂದು ಬೀಗದ ಕೈಯನ್ನು ಉತ್ಸವಮೂರ್ತಿಯ ಸೊಂಟಕ್ಕೆ ಕಟ್ಟುತ್ತಿದ್ದ. ದೇವರು ಪಲ್ಲಕ್ಕಿ ಏರಿ, ಕೋಟೆಯ ಹೊರಗಿನ ಕೊಳಕ್ಕೆ ಹೋಗಿ ಮಿಂದು ಬರುತ್ತಿದ್ದ. ಮುಸ್ಸಂಜೆಗೆ, ಅಂದರೆ ಅವನು ಕಂಬ ಒಡೆದು ಬಂದ ಹೊತ್ತಿಗೆ, ಗುಡಿಯಲ್ಲಿ ನೈವೇದ್ಯ. ತೆರೆ ಹಾಕಿ, ನೈವೇದ್ಯ ಮಾಡಿ, ತೆರೆಯ ಮರೆಯಲ್ಲೇ ಅರ್ಚಕರು ಬೀಗದ ಕೈ ಬಿಚ್ಚಿ ಪಾಳೆಯಗಾರನಿಗೆ ಕೊಡಬೇಕು. ಅದಕ್ಕೆ ಮೊದಲು ಅದನ್ನು ಯಾರೂ ಮುಟ್ಟುವಂತಿಲ್ಲ.

ಒಂದು ವರ್ಷ ಪಲ್ಲಕ್ಕಿ ತಡವಾಯಿತು. ಕೊಳದ ಪಕ್ಕದ ಕುಂಬಾರಗೇರಿಯವರು ಮನೆಮನೆಗೂ ನಿಲ್ಲಿಸಿ ಆರತಿ ಎತ್ತಿದ್ದರು. ಉತ್ಸವಕ್ಕೆ ಹೋದ ಜನ ಮುಂದಾಗಿ ಬಂದು ಕೋಟೆ ಸೇರಿದರು. ಪಲ್ಲಕ್ಕಿ ಕೊಳದ ಬಳಿಯೇ ಇತ್ತು.

ನಗಾರಿ ಮೊಳಗಿತು.

ಕಾವಲುಗಾರ ಯೋಚನೆ ಮಾಡಲಿಲ್ಲ. ಕೈಯೇ ಕೆಲಸ ಮಾಡಿತು. ಬಾಗಿಲು ದೂಡಿದ, ಅಗುಳಿ ಎಳೆದ, ಬೀಗ ಒತ್ತಿದ. ಕಟಕ್ ಎಂದಿತು. ಆ ಸದ್ದು ಕಿವಿಗೆ ಬಿದ್ದ ಮೇಲೆ ಅವನಿಗೆ ಪಲ್ಲಕ್ಕಿ ನೆನಪಾಯಿತು. ಅದರ ಹಿಂದೆಯೇ ಬೀಗದ ಕೈ ಎಲ್ಲಿದೆ ಎಂಬುದೂ ನೆನಪಾಯಿತು. ಮಾವನನ್ನು ಹೊರಗೆ ಬಿಟ್ಟಿದ್ದಕ್ಕೇ ಮನೆಯಲ್ಲಿ ಅಷ್ಟು ರಾದ್ಧಾಂತ. ಈಗ ಹೊರಗೆ ಬಿಟ್ಟದ್ದು ಉಗ್ರ ನರಸಿಂಹನನ್ನು.

ಪಾಳೆಯಗಾರ ಬಂದ. ದಂಡಿನವರು ಬಂದರು. ತಲೆಗೊಂದು ಮಾತು ಹುಟ್ಟಿತು. ಬೀಗ ಒಡೆಯೋಣ ಎಂದ ಒಬ್ಬ. ಬೀಗ ಒಡೆದ ಕೋಟೆ ಬಿದ್ದ ಕೋಟೆ ಎಂಬುದು ಆ ಸೀಮೆಯ ನಂಬಿಕೆ. ಒಡೆದವನು ಹೊರಗಿನವನೋ ಒಳಗಿನವನೋ ಎಂದು ಯಾರೂ ಕೇಳುವುದಿಲ್ಲ. ಅದು ಬೇಡವೆಂದಾಯಿತು. ದಿಡ್ಡಿ ಬಾಗಿಲನ್ನು ಕಳ್ಳರ ಭಯಕ್ಕೆ ಕಲ್ಲು ತುಂಬಿ ಮುಚ್ಚಿದ್ದರು. ದೇವರನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಮೇಲೆಳೆಯೋಣ ಎಂದ ಇನ್ನೊಬ್ಬ. ದೇವರೇನು ಹುಲ್ಲಿನ ಹೊರೆಯೇ ಎಂದು ಎಲ್ಲರೂ ಅವನ ಮೇಲೆ ಬಿದ್ದರು.

ಕಡೆಗೆ ಕಾವಲುಗಾರ ಕೋಟೆಯ ಗೋಡೆ ಹತ್ತಿ ಹಗ್ಗ ಇಳಿಬಿಟ್ಟ. ಬೀಗದ ಕೈ ಕಟ್ಟಿ ಕಳಿಸಿ ಎಂದು ಅರ್ಚಕರನ್ನು ಬೇಡಿಕೊಂಡ.

ಅರ್ಚಕರು ಕೆಳಗಿಂದ ಹೇಳಿದರು: "ಗುಡಿಗೆ ಹೋಗದೆ ಕೈ ಬಿಚ್ಚುವ ಹಾಗಿಲ್ಲಪ್ಪ. ಅದು ನಿನಗೂ ಗೊತ್ತು."

"ಕೈ ಕೊಡದೆ ಗುಡಿಗೆ ಹ್ಯಾಗ್ ಬರ್ತೀರಿ ಸ್ವಾಮೀ?"

ಕೈ ಬಿಚ್ಚಲು ದೇವರು ಒಳಗೆ ಬರಬೇಕು. ದೇವರು ಒಳಗೆ ಬರಲು ಕೈ ಬಿಚ್ಚಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೋಡೆಯ ಮೇಲೆ ನಿಂತವರು ಗೊಣಗಿದರು. ಪಾಪ, ಅರ್ಚಕರದ್ದೇನು ತಪ್ಪು? ಎಷ್ಟೋ ತಲೆಮಾರು ಯಾರೂ ಮೀರದ ಪದ್ಧತಿಯನ್ನು ಮೀರು ಎಂದರೆ ಯಾರ ಕೈ ಏಳುತ್ತದೆ?

ಪಾಳೆಯಗಾರ ಕಾವಲುಗಾರನ ಕಡೆ ತಿರುಗಿದ. ನೈವೇದ್ಯ ತಪ್ಪಿದರೆ ಕೋಟೆಗೆ ಕೇಡು ಎಂಬ ಹೆದರಿಕೆ ಅವನಿಗೂ ಇತ್ತು. ಹೆದರಿದ ಒಡೆಯನ ಬಾಯಲ್ಲಿ ಮೊದಲು ಬರುವುದು ಶಿಕ್ಷೆ.

"ಇವತ್ತು ದೇವರು ಉಪವಾಸ ಬಿದ್ದರೆ, ನಾಳೆ ನೀನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಈ ಬಾಗಿಲಿನಿಂದ ಹೊರಗೆ ಹೋಗಬೇಕು. ತಿರುಗಿ ಬರಬಾರದು."

ಬಾಗಿಲು ತೆರೆದರಲ್ಲವೇ ಹೊರಗೆ ಹೋಗುವುದು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಕಾವಲುಗಾರ ಗೋಡೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತ. ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ. ಅದನ್ನಾದರೂ ಸಹಿಸಬಹುದು. ಇಷ್ಟು ದಿನ ಮುತ್ತಾತನ ಗಾದೆ ಇತ್ತು. ಇನ್ನು ಮುಂದೆ ತನ್ನ ಮೇಲೊಂದು ಗಾದೆ ಹುಟ್ಟುತ್ತದೆ, ಮಕ್ಕಳು ಅದನ್ನು ಹೊತ್ತು ತಿರುಗಬೇಕಾಗುತ್ತದೆ. ದೇವರ ಮುಖಕ್ಕೆ ಬಾಗಿಲು ಹಾಕಿದವನ ಮಕ್ಕಳು. ಅವನಿಗೆ ಅಳು ಬಂತು. ಅತ್ತ.

ಕೆಳಗೆ ಕೊಳದ ಬಳಿ ಬೆಳಕು ಇಳಿಯುತ್ತಿತ್ತು. ಅರ್ಚಕರ ಬಿಳಿಯ ಪಂಚೆ ಅತ್ತಿಂದಿತ್ತ ಓಡಾಡುವುದು ಅವನಿಗೆ ಕಾಣುತ್ತಿತ್ತು. ಅವರು ಬಾಗಿಲಿನ ಕಡೆ ನೋಡುತ್ತಿರಲಿಲ್ಲ. ಪಲ್ಲಕ್ಕಿಯ ಕಡೆ ನೋಡುತ್ತಿದ್ದರು, ಆಕಾಶದ ಕಡೆ ನೋಡುತ್ತಿದ್ದರು. ಮಗುವಿನ ಊಟದ ಹೊತ್ತು ಮೀರುತ್ತಿರುವಾಗ ತಾಯಿ ಹೀಗೆ ಓಡಾಡುತ್ತಾಳೆ. ಕೋಸಂಬರಿ, ಪಾನಕ, ಎಲ್ಲ ಗುಡಿಯ ಅಡುಗೆಮನೆಯಲ್ಲಿ ಸಿದ್ಧವಾಗಿ ಕೂತಿತ್ತು. ಇಲ್ಲಿ ಏನೂ ಇಲ್ಲ.

ಆಮೇಲೆ ಅರ್ಚಕರು ಕುಂಬಾರಗೇರಿಯ ಕಡೆ ನಡೆದರು. ಮೊದಲ ಮನೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಜೀವಮಾನದಲ್ಲಿ ಯಾರ ಮುಂದೆಯೂ ಕೈ ಚಾಚದ ಮನುಷ್ಯ ಅವಳ ಮುಂದೆ ನಿಂತು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ತಮಗಲ್ಲ, ಅವನಿಗೆ ಎಂದು ಪಲ್ಲಕ್ಕಿ ತೋರಿಸಿದರು. ಮುದುಕಿ ಹೊಸ ಕುಡಿಕೆಯೊಂದನ್ನು ತೆಗೆದು ಅಂಬಲಿ ತುಂಬಿಸಿದಳು.

ಕೊಳದ ದಂಡೆಯಲ್ಲಿ ಬಟ್ಟೆ ಒಣಹಾಕುವ ಮಂಟಪವೊಂದಿತ್ತು. ಹೆಂಗಸರು ಬಂದು ಅದನ್ನು ಸಾರಿಸಿದರು. ದೇವರನ್ನು ಅಲ್ಲಿ ಕೂರಿಸಿದರು. ತೆರೆಗೆ ಬಟ್ಟೆ ಬೇಕಲ್ಲ? ಯಾರೋ ಪೆಟ್ಟಿಗೆಯಿಂದ ಮದುವೆಯ ಸೀರೆ ತಂದು ಎರಡು ಕಂಬಕ್ಕೆ ಕಟ್ಟಿದರು. ಅರ್ಚಕರು ಸೀರೆಯ ಹಿಂದೆ ಹೋದರು. ಮಂತ್ರ ಕೇಳಿಸಿತು. ನೈವೇದ್ಯದ ಗಂಟೆ ಕೇಳಿಸಿತು. ಕಾವಲುಗಾರ ಗೋಡೆಯ ಮೇಲಿಂದಲೇ ಕೈ ಮುಗಿದ. ಅಂತೂ ಅವನು ಉಪವಾಸ ಬೀಳಲಿಲ್ಲ ಎಂದು ಅರ್ಧ ಜೀವ ಬಂತು.

ಗಂಟೆ ನಿಂತಿತು. ಆಮೇಲೆ ಅರ್ಚಕರು ನಗುವುದು ಕೇಳಿಸಿತು. ಅವರು ಹೊರಗೆ ಬಂದು ಗೋಡೆಯ ಬುಡಕ್ಕೆ ನಡೆದು ಬಂದರು. ಕೈಯಲ್ಲಿ ಬೀಗದ ಕೈ ಇತ್ತು.

"ತೆರೆ ಹಾಕಿದ್ದಾಯಿತು, ನೈವೇದ್ಯವೂ ಆಯಿತು," ಎಂದರು. "ಒಂದು ಕಂಬದಲ್ಲಿ ಬಂದವನಿಗೆ ನಾಲ್ಕು ಕಂಬ ಸಾಲದೇನಯ್ಯ? ಇದೇ ಗುಡಿ. ಹಗ್ಗ ಬಿಡು."

ಕಾವಲುಗಾರ ಹಗ್ಗ ಎಳೆದುಕೊಂಡು ಕೆಳಗಿಳಿದ. ಬೀಗ ತೆರೆಯಿತು. ಬಾಗಿಲು ತೆರೆಯಿತು. ಅವನು ಎಲ್ಲರಿಗಿಂತ ಮುಂದೆ ಓಡಿದ. ಮಂಟಪದ ಮುಂದೆ ಉದ್ದಕ್ಕೆ ಬಿದ್ದು, ತಪ್ಪಾಯಿತಪ್ಪಾ, ನಿನ್ನನ್ನು ಹೊರಗೆ ಹಾಕಿದೆ, ಎಂದು ಗೋಳಾಡತೊಡಗಿದ.

ಮುದುಕಿ ಅವನ ಭುಜ ತಟ್ಟಿದಳು.

"ಮೆತ್ತಗ್ ಮಾತಾಡಪ್ಪ. ಹೊಟ್ಟೆ ತುಂಬ ಅಂಬ್ಲಿ ಕುಡ್ದು ಈಗ್ ತಾನೆ ಮಲಗವ್ನೆ. ಎಬ್ಬಿಸ್ಬ್ಯಾಡ."

ಅವನು ತಲೆಯೆತ್ತಿ ನೋಡಿದ. ದೀಪದ ಬೆಳಕಲ್ಲಿ ದೇವರ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಉಗ್ರ ನರಸಿಂಹನ ಕೋಪವನ್ನು ನೆನೆದು ಅಷ್ಟು ಹೊತ್ತು ನಡುಗಿದ್ದನಲ್ಲ, ಅಲ್ಲಿ ಕೋಪವೇ ಇರಲಿಲ್ಲ. ನೆಂಟರ ಮನೆಯಲ್ಲಿ ಉಂಡು ಮಲಗಿದವನ ಹಾಗಿತ್ತು. ಅವನಿಗೆ ಹೋದ ಜೀವ ಪೂರ್ತಿ ಬಂತು. ಬಾಯಿಗೆ ಹೆಗಲವಸ್ತ್ರ ಒತ್ತಿಕೊಂಡು ನಕ್ಕ. ನಕ್ಕು ಮತ್ತೆ ಅತ್ತ.

ಪಾಳೆಯಗಾರ ದೀವಟಿಗೆಯವರೊಂದಿಗೆ ದೇವರನ್ನು ಕರೆದೊಯ್ಯಲು ಬಂದ. ಮಲಗಿದ ದೇವರನ್ನು ಎಬ್ಬಿಸುವ ಪದ್ಧತಿ ಇಲ್ಲ ಎಂದರು ಅರ್ಚಕರು. ಈ ಸಲ ಪದ್ಧತಿಯ ಮಾತು ಯಾರಿಗೂ ಕಹಿಯಾಗಲಿಲ್ಲ. ಪಾಳೆಯಗಾರ ಚಪ್ಪಲಿ ಬಿಟ್ಟು ಮಂಟಪದ ಮೆಟ್ಟಿಲ ಮೇಲೆ ಕುಳಿತ. ಕಾವಲುಗಾರ ಅವನ ಕಾಲ ಬಳಿ ಬಂದು ನಾಳೆ ತಾನು ಹೊರಡಬೇಕೋ ಎಂದು ಕೇಳಿದ.

ಪಾಳೆಯಗಾರ ಮಲಗಿದ ದೇವರನ್ನು ನೋಡಿದ. "ಅವನೇ ಹೊರಗಿದ್ದಾನೆ. ನಿನ್ನನ್ನೂ ಹೊರಗೆ ಹಾಕಿದರೆ ಅದು ಶಿಕ್ಷೆ ಹೇಗಾಗುತ್ತದೆ?" ಎಂದು ನಕ್ಕುಬಿಟ್ಟ.

ಆ ರಾತ್ರಿ ಹೆಬ್ಬಾಗಿಲು ತೆರೆದೇ ಇತ್ತು. ಕಾವಲುಗಾರ ಮೊದಲ ಸಲ ಹೊರಗೆ, ಮಂಟಪದ ಕೆಳಗೆ ನಿದ್ದೆ ಮಾಡಿದ. ಯಾರೂ ಕೊಳ್ಳೆ ಹೊಡೆಯಲು ಬರಲಿಲ್ಲ. ಬೆಳಿಗ್ಗೆ ದೇವರು ಎದ್ದು, ವಾದ್ಯದೊಂದಿಗೆ ಒಳಗೆ ಹೋದ. ಮರುವರ್ಷ ಜಯಂತಿಯ ದಿನ ಪಲ್ಲಕ್ಕಿ ಹೊತ್ತಿಗೆ ಸರಿಯಾಗಿ ಹೊರಟರೂ ಕುಂಬಾರಗೇರಿಯವರು ಬಿಡಲಿಲ್ಲ. ಅಂಬಲಿ ಕಾಯಿಸಿಟ್ಟಿದ್ದರು. ಅಂದಿನಿಂದ ವರ್ಷಕ್ಕೊಂದು ರಾತ್ರಿ ದೇವರು ಅಲ್ಲೇ ತಂಗುವುದು ರೂಢಿಯಾಯಿತು. ಆ ಮಂಟಪದಲ್ಲಿ ಯಾರು ಬಂದು ಕೂತರೂ ಅಂಬಲಿ ಕೊಡಬೇಕು, ಯಾರು ಮಲಗಿದರೂ ಎಬ್ಬಿಸಬಾರದು ಎಂದು ಕೇರಿಯ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡರು.

ಮುಂದೆ ಪಾಳೆಯಪಟ್ಟು ಹೋಯಿತು. ಬೀಗ ಯಾರು ಒಡೆದರೋ, ಕೋಟೆ ಹೇಗೆ ಬಿತ್ತೋ, ಅದು ಬೇರೆ ಕತೆ. ಕುಂಬಾರಗೇರಿ ಮಾತ್ರ ಇದ್ದಲ್ಲೇ ಇದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಎದೆಯ ಭಾರ ಇಳಿದಿತ್ತು. ದೇವರು ದಿಕ್ಕಿಲ್ಲದವನಾಗಲಿಲ್ಲ, ಅವನಿಗೆ ಅನ್ನ ಹಾಕುವವರು ಅಂದೂ ಇದ್ದರು ಎಂದು ತಿಳಿದು ಅವನ ಮುಖ ಅರಳಿತು. ಆದರೂ ಮನಸ್ಸು ತಡೆಯಲಿಲ್ಲ.

"ಹಾಗಾದರೆ ಗುರುಗಳೇ, ಈಗ ಅವನು ಎಲ್ಲಿದ್ದಾನೆ?"

"ನೀನು ಚಪ್ಪಲಿ ಹಾಕಿಕೊಂಡೇ ಮಲಗಿದ್ದೆಯಲ್ಲ, ಅಲ್ಲಿ."