ಬೀಗವಿಲ್ಲದ ಅಡುಗೆಮನೆ

"ಗುರುಗಳೇ, ಕೇಳಿದ್ದರೆ ಕೊಡುತ್ತಿದ್ದೆ. ಅವನು ಕೇಳಲಿಲ್ಲ. ಇದರಲ್ಲಿ ನನ್ನ ತಪ್ಪೇನು?"

ಹೀಗೆಂದವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಮಠಕ್ಕೆ ನೀರು ಹೊರುತ್ತಿದ್ದ ಆಳು ಎರಡು ದಿನ ಉಪವಾಸವಿದ್ದು, ಆ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕುಸಿದು ಬಿದ್ದಿದ್ದ. ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವನಿಗೆ ಮಗುವಾಯಿತು. ಮಗುವಿಗೆ ವರ್ಷ ತುಂಬಿದಾಗ ಅದನ್ನು ನೋಡಿಕೊಳ್ಳಲು ಸಾತವ್ವ ಎಂಬ ದಾದಿಯನ್ನು ಮನೆಯಲ್ಲಿ ಇಟ್ಟುಕೊಂಡ. ಅವಳು ಗಂಡ ಸತ್ತವಳು. ಆ ಮನೆ ಬಿಟ್ಟರೆ ಅವಳ ತಲೆಯ ಮೇಲೆ ಬೇರೆ ಸೂರಿರಲಿಲ್ಲ.

ಮೊದಲ ದಿನ ವರ್ತಕನ ಹೆಂಡತಿ ಅವಳಿಗೆ ಅಡುಗೆಮನೆ ತೋರಿಸಿದಳು.

"ನೋಡು ಸಾತವ್ವ, ಇದಕ್ಕೆ ಬೀಗವಿಲ್ಲ. ಇದು ನಿನ್ನ ಮನೆ ಅಂತಲೇ ತಿಳಿ. ಹಸಿವಾದಾಗ ಬೇಕಾದ್ದು ಹಾಕಿಕೊಂಡು ಉಣ್ಣು. ನನ್ನನ್ನು ಕೇಳುವುದೂ ಬೇಡ."

ಮನಸ್ಸಿನಿಂದಲೇ ಬಂದ ಮಾತು ಅದು. ವರ್ತಕನೂ ಅಂಗಡಿಯಲ್ಲಿ ಕುಳಿತು ಹೇಳಿಕೊಂಡ: "ನಮ್ಮ ದಾದಿಗೆ ಊಟಕ್ಕೆ ಕಟ್ಟುಪಾಡಿಲ್ಲ ಸ್ವಾಮಿ. ಮನೆಯವರ ಹಾಗೆಯೇ." ಗಿರಾಕಿಗಳು ತಲೆದೂಗಿದರು.

ಮಧ್ಯಾಹ್ನ ಹೆಂಡತಿ ಗಂಡನಿಗೆ ಬಡಿಸಿದಳು. ಆಮೇಲೆ ತಾನು ಉಂಡಳು. ಪಾತ್ರೆಗಳ ಮೇಲೆ ತಟ್ಟೆ ಮುಚ್ಚಿ, ನಡುಮನೆಗೆ ಹೋಗಿ ಒರಗಿಕೊಂಡಳು. ಸಾತವ್ವ ಮಗುವನ್ನು ಮಲಗಿಸಿ ಬಂದು ಹೊಸ್ತಿಲ ಬಳಿ ನಿಂತಳು. "ಬಾ, ಕೂತುಕೋ" ಎಂದು ಯಾರೂ ಅನ್ನಲಿಲ್ಲ. ಯಾರಾದರೂ ಬಡಿಸಿದ್ದನ್ನು ಉಂಡು ಬೆಳೆದವಳು ಅವಳು. ಪರರ ಮನೆಯಲ್ಲಿ ತಾನೇ ಪಾತ್ರೆಗೆ ಕೈ ಹಾಕಿ ಅಭ್ಯಾಸವಿರಲಿಲ್ಲ. ಆದರೂ ಹಸಿವು ಹಸಿವೇ. ಮುಚ್ಚಿದ್ದ ತಟ್ಟೆ ಎತ್ತಿದಳು. ಸದ್ದಾಯಿತು.

"ಯಾರದು?" ನಡುಮನೆಯಿಂದ ದನಿ ಬಂತು.

"ನಾನಮ್ಮಾ, ಸಾತವ್ವ."

"ನೀನಾ! ನಾನೆಲ್ಲೋ ಬೆಕ್ಕು ಅಂದುಕೊಂಡೆ. ಉಣ್ಣು, ಉಣ್ಣು."

ಅವಳು ಉಂಡಳು. ಮರುದಿನ ಸಂಜೆ ಮೊಸರಿನ ಮಾತು ಬಂತು. "ಎತ್ತಿಟ್ಟಿದ್ದ ಮೊಸರು ಏನಾಯಿತು?" ಎಂದಳು ಹೆಂಡತಿ. ಎರಡು ಸೌಟು ತಾನು ಹಾಕಿಕೊಂಡೆ ಎಂದು ಸಾತವ್ವ ಒಪ್ಪಿಕೊಂಡಳು. "ಅಯ್ಯೋ, ಅದಕ್ಕೇನಂತೆ! ಸುಮ್ಮನೆ ಕೇಳಿದೆ." ಮೂರನೆಯ ದಿನ ಅನ್ನ ಒಂದು ತುತ್ತು ಕಡಿಮೆ ಬಿತ್ತು. ಹೆಂಡತಿ ನಗುತ್ತ ಗಂಡನಿಗೆ ಹೇಳಿದಳು: "ನಮ್ಮ ಸಾತವ್ವನ ಕೈ ಸ್ವಲ್ಪ ದೊಡ್ಡದು ಕಣ್ರೀ." ಗಂಡನೂ ನಕ್ಕ. ಗೋಡೆಯ ಈಚೆ ತೊಟ್ಟಿಲು ತೂಗುತ್ತಿದ್ದ ಸಾತವ್ವ ಕೇಳಿಸಿಕೊಂಡಳು.

ಯಾರೂ ಗದರಲಿಲ್ಲ. ಉಣ್ಣಬೇಡ ಎನ್ನಲಿಲ್ಲ. ಆದರೆ ಅಂದಿನಿಂದ ಅವಳು, ಯಾರೂ ವಿಚಾರಿಸದಂಥದನ್ನು ಮಾತ್ರ ತಿಂದಳು. ಬಸಿದ ಗಂಜಿ. ತಳ ಹಿಡಿದ ಅನ್ನ. ಹದಿನೈದು ದಿನ ಹೀಗೆ ನಡೆಯಿತು. ಒಂದು ದಿನ ಹೆಂಡತಿ ಕೊಟ್ಟಿಗೆಯಿಂದ ಕೂಗಿದಳು: "ಇದೇನಿದು, ಹಸುವಿನ ಕಲಗಚ್ಚಿನಲ್ಲಿ ಬರೀ ನೀರೇ ಇದೆ?" ಯಾರನ್ನೂ ಕುರಿತು ಕೇಳಿದ್ದಲ್ಲ ಅದು. ಸಾತವ್ವ ಗಂಜಿಯನ್ನೂ ತಳದ ಅನ್ನವನ್ನೂ ಹಸುವಿಗೆ ಬಿಟ್ಟಳು.

ಕೇಳಬಹುದಿತ್ತು. ಎರಡು ಸಲ ಮಾತು ನಾಲಗೆಯವರೆಗೆ ಬಂತು. ಆದರೆ ಕೇಳುವುದೇ ಬೇಡ ಎಂದ ಮನೆಯಲ್ಲಿ ಕೇಳುವುದು ಹೇಗೆ? ಕೇಳಿದರೆ, ಇಷ್ಟು ದಿನ ನೀವು ಹಾಕಲಿಲ್ಲ ಎಂದು ದೂರಿದ ಹಾಗಾಗುತ್ತದೆ. ದೂರುವ ದಾದಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮಗುವಿಗೆ ಹೊತ್ತು ಹೊತ್ತಿಗೆ ತುಪ್ಪದ ಅನ್ನ. ಅವಳೇ ಕಲಸಿ ಉಣಿಸುತ್ತಿದ್ದಳು. ಒಂದು ದಿನ ಮಗು ತನ್ನ ಬಾಯಿಯ ತುತ್ತನ್ನು ತೆಗೆದು ಅವಳ ಬಾಯಿಗೆ ಇಟ್ಟಿತು. ಸಾತವ್ವ ಬಾಗಿಲ ಕಡೆ ನೋಡಿದಳು. ಆಮೇಲೆ ನುಂಗಿದಳು. ಮುಂದೆ ಅವಳ ಊಟ ಅಷ್ಟೇ ಆಯಿತು, ಮಗು ಕೊಟ್ಟಷ್ಟು, ಮಗು ಬಿಟ್ಟಷ್ಟು.

"ಇದೇನು ಸಾತವ್ವ, ದಿನೇ ದಿನೇ ಸೊರಗುತ್ತಿದ್ದೀಯಲ್ಲ!" ಎಂದಳು ಹೆಂಡತಿ ಒಮ್ಮೆ. "ಕೆಲವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ ನೋಡು."

"ಹೌದಮ್ಮಾ" ಎಂದಳು ಸಾತವ್ವ.

ಎರಡನೆಯ ತಿಂಗಳು ಮುಗಿಯುತ್ತ ಬಂದಿತ್ತು. ಮಗುವನ್ನು ಎತ್ತಿಕೊಂಡು ಮಹಡಿಯಿಂದ ಇಳಿಯುವಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು. ಮಗುವನ್ನು ಎದೆಗೆ ಅವಚಿಕೊಂಡೇ ಉರುಳಿದಳು. ಮಗುವಿಗೆ ಒಂದು ಗೀರೂ ಬೀಳಲಿಲ್ಲ. ಅವಳ ಕಾಲು ಮುರಿಯಿತು.

ವೈದ್ಯ ಬಂದ. ಕಾಲು ಮುಟ್ಟುವ ಮೊದಲು ಅವಳ ಕಣ್ಣರೆಪ್ಪೆ ಬಿಡಿಸಿ ನೋಡಿದ. "ಇವಳಿಗೆ ಅನ್ನ ಹಾಕುತ್ತಿರಲಿಲ್ಲವೇ?" ಎಂದ.

ಹೆಂಡತಿ ಅತ್ತೇಬಿಟ್ಟಳು. "ಅಡುಗೆಮನೆ ಯಾವಾಗಲೂ ತೆರೆದೇ ಇತ್ತು! ಒಂದು ದಿನವಾದರೂ ಬಾಯಿಬಿಟ್ಟು ಕೇಳಿದಳೇ? ಬೇಕಾದರೆ ಅವಳನ್ನೇ ವಿಚಾರಿಸಿ."

ವೈದ್ಯ ಸಾತವ್ವನ ಮುಖ ನೋಡಿದ.

"ನಿಜ" ಎಂದಳು ಅವಳು. "ನಾನೇ ಕೇಳಲಿಲ್ಲ."

"ಮನೆತುಂಬ ಅನ್ನವಿದ್ದೂ ಉಪವಾಸ ಬೀಳುವವಳ ಕೈಗೆ ಮಗುವನ್ನು ಹೇಗೆ ಕೊಡಲಿ?" ಎಂದ ವರ್ತಕ. ಎಂಟನೆಯ ದಿನ, ಅವಳನ್ನು ಊರಾಚೆಯ ಛತ್ರಕ್ಕೆ ಬಿಟ್ಟುಬರಲು ಗಾಡಿ ಹೂಡಿಸಿದ. ಹೊರಡುವ ಮುನ್ನ ಹೆಂಡತಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಎಲೆ ಹಾಕಿ, ಪಕ್ಕದಲ್ಲೇ ಕುಳಿತು ಬಡಿಸಿದಳು. "ಇನ್ನೊಂದು ಸ್ವಲ್ಪ ಹಾಕಿಸಿಕೋ, ಸಂಕೋಚ ಮಾಡಬೇಡ" ಎಂದು ಮತ್ತೆ ಮತ್ತೆ ಒತ್ತಾಯಿಸಿದಳು. ಸಾತವ್ವ ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು. ಗಾಡಿ ಹೊರಟಾಗ ಒಳಗೆ ಮಗು ಅಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಆ ವರ್ತಕನ ಹೆಂಡತಿ ಕೆಟ್ಟವಳಲ್ಲ ಗುರುಗಳೇ. ಅವಳಿಗೆ ತಿಳಿಯಲಿಲ್ಲ, ಅಷ್ಟೆ" ಎಂದ ಶಿಷ್ಯ.

ಗುರುಗಳು ಎಂದರು: "ಒಂದು ದಿನವೂ ಕೇಳಲಿಲ್ಲ ಎಂಬುದನ್ನು ಅಷ್ಟು ಚೆನ್ನಾಗಿ ಬಲ್ಲವರಿಗೆ, ಉಣ್ಣಲಿಲ್ಲ ಎಂಬುದೊಂದು ಹೇಗಪ್ಪಾ ತಿಳಿಯದೆ ಹೋಗುತ್ತದೆ?"