ದಿಬ್ಬಣದ ಕಾರಿನ ಹಿಂದಿನ ದೀಪ

"ಗುರುಗಳೇ, ನನ್ನನ್ನು ನಂಬಿ ಹಿಂದೆ ಬರುವವರು ಯಾಕೆ ದಾರಿ ತಪ್ಪುತ್ತಾರೆ?" ಎಂದು ಮಲ್ಲಿನಾಥ ಕೇಳಿದ.

ಮಠದ ಸಂಜೆಯ ಪಾಠವನ್ನು ಗುರುಗಳು ಅವನಿಗೆ ಒಪ್ಪಿಸಿ ಒಂದು ವರ್ಷವಾಗಿತ್ತು. ಅಂಗಡಿ ಮುಚ್ಚಿದವರು, ಮನೆಗೆಲಸ ಮುಗಿಸಿದ ಹೆಂಗಸರು, ಊರಿನ ಹಿರಿಯರು ಬಂದು ಕೂರುತ್ತಿದ್ದರು. ಮೊದಮೊದಲು ಜಗಲಿ ತುಂಬುತ್ತಿತ್ತು. ಈಗ ಅರ್ಧ ಚಾಪೆ ಖಾಲಿ. ಬಂದವರು ಕೂಡ ಅವನು ಹೇಳಿದ್ದೊಂದು, ತಾವು ತಿಳಿದದ್ದೊಂದು ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಹಿಂದಿನ ದಿನ ತಾಳ್ಮೆಯ ಮೇಲೆ ಪಾಠವಾಗಿತ್ತು. ಅದನ್ನು ಕೇಳಿದ ಇಬ್ಬರು ಮಠದ ಬಾಗಿಲಲ್ಲೇ ಚಪ್ಪಲಿಗಾಗಿ ಕೈ ಕೈ ಮಿಲಾಯಿಸಿದ್ದರು. ಮಲ್ಲಿನಾಥನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

"ನನ್ನ ಪಾಠದಲ್ಲಿ ಒಂದು ಬಿರುಕು ಇರದಂತೆ ನೋಡಿಕೊಳ್ಳುತ್ತೇನೆ. ಯಾರು ಏನು ಕೇಳಿದರೂ ತಡವರಿಸದೆ ಉತ್ತರ ಕೊಡುತ್ತೇನೆ. ಆದರೂ ಹೀಗಾಗುತ್ತಿದೆ. ಇದು ನನ್ನಿಂದಾಗುವ ಕೆಲಸವಲ್ಲ. ನಾಳೆಯಿಂದ ಬೇರೆ ಯಾರಿಗಾದರೂ ಒಪ್ಪಿಸಿಬಿಡಿ," ಎಂದ.

ಗುರುಗಳಿಗೆ ಈ ಶಿಷ್ಯನ ಮೇಲೆ ಪ್ರೀತಿ ಹೆಚ್ಚು. ಪ್ರೀತಿ ಇದ್ದವರನ್ನು ಕಿಚಾಯಿಸದೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ.

"ಬಿಡುವುದಾದರೆ ಬಿಡಪ್ಪ. ಒಂದು ಕತೆ ಕೇಳಿ ಬಿಡು. ಮದುವೆಯ ಕತೆ, ಅದರಲ್ಲಿ ಊಟವೂ ಇದೆ," ಎಂದರು.

ಮಲ್ಲಿನಾಥ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಕಾರಿನವನಿದ್ದ. ಮದುವೆಗಳಿಗೆ ಕಾರು ಓಡಿಸುವುದು ಅವನ ಕಸುಬು. ಕಾರೆಂದರೆ ಅವನಿಗೆ ಪ್ರಾಣ. ಹೆಂಡತಿಗೆ ಸೀರೆ ತರುವಾಗ ಹತ್ತು ಸಲ ಯೋಚಿಸುತ್ತಿದ್ದವನು ಕಾರಿನ ಸೀಟಿಗೆ ಬಟ್ಟೆ ತರುವಾಗ ಒಂದು ಸಲವೂ ಯೋಚಿಸುತ್ತಿರಲಿಲ್ಲ. ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ತನ್ನ ಕೆನ್ನೆಗೇ ಹೊಡೆದ ಹಾಗೆ ಮುಖ ಮಾಡುತ್ತಿದ್ದ.

ಅದು ಹಳೆಯ ಕಾಲದ ಕಾರು, ಹಿಂದಕ್ಕೆ ಇದ್ದದ್ದು ಒಂದೇ ದೀಪ. ಒಂದು ಮಳೆಗಾಲದಲ್ಲಿ ಆ ದೀಪದೊಳಗೆ ನೀರು ಸೇರಿತು. ಕೆಂಪು ಗ್ಲಾಸಿನ ಒಳಗೆ ನೀರು ಕುಲುಕಾಡುತ್ತಿತ್ತು. ಬೀದಿಯ ಜನ, "ಏನಣ್ಣಾ, ಮೀನು ಸಾಕಿದ್ದೀಯಾ?" ಎಂದು ಕೇಳತೊಡಗಿದರು. ಅವನಿಗೆ ತಡೆಯಲಾಗದಷ್ಟು ಅವಮಾನವಾಯಿತು. ಅದೇ ದಿನ ಡಿಕ್ಕಿ ತೆರೆದು, ನಟ್ಟು ಬಿಚ್ಚಿ, ದೀಪವನ್ನು ಹೊರಗೆ ತೆಗೆದ. ನೀರು ಚೆಲ್ಲಿದ. ಬಟ್ಟೆಯಿಂದ ಒರೆಸಿದ. ಬಿಸಿಲಿಗಿಟ್ಟು ಒಣಗಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ, ಆ ದಿನ ಬಿಸಿಲೂ ಇರಲಿಲ್ಲ.

ದೀಪದ ಸುತ್ತಲಿನ ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿತ್ತು. ನೀರು ಬಂದದ್ದು ಅಲ್ಲಿಂದ. ಆದರೆ ಅವನ ಕಣ್ಣಿಗೆ ಬಿದ್ದದ್ದು ದೀಪದ ತಳದಲ್ಲಿ ಕೆಸರು ಕಟ್ಟಿಕೊಂಡಿದ್ದ ಒಂದು ಸಣ್ಣ ತೂತು. ಕಾರು ಮಾಡಿದವರು ಇಷ್ಟು ದೊಡ್ಡ ತಪ್ಪು ಮಾಡಿದ್ದಾರಲ್ಲ ಎಂದು ಅವರನ್ನು ಬೈದ. ಒಂದು ಟ್ಯೂಬು ಅಂಟು ತಂದು ಆ ತೂತಿಗೆ ಮೆತ್ತಿದ. ಆಮೇಲೆ ರಬ್ಬರಿಗೆ ಮೆತ್ತಿದ. ಟ್ಯೂಬಿನಲ್ಲಿ ಇನ್ನೂ ಉಳಿದಿತ್ತು, ಅದಕ್ಕೇ ಎಲ್ಲ ಕಡೆಗೂ ಮೆತ್ತಿದ. ಇನ್ನು ಒಂದು ಹನಿಯೂ ಒಳಗೆ ಹೋಗದು ಎಂದು ಹೆಂಡತಿಗೆ ಹೇಳಿದ. ಆ ಮಾತು ನಿಜವೇ. ಆಮೇಲೆ ಎಂಥ ಮಳೆಗೂ ಒಂದು ಹನಿ ಒಳಗೆ ಹೋಗಲಿಲ್ಲ.

ಆದರೆ ಒಳಗೆ ಉಳಿದಿದ್ದ ತೇವ ಹೊರಗೂ ಬರಲಿಲ್ಲ. ಬಲ್ಬು ಉರಿದು ಬಿಸಿಯಾದಾಗ ಆವಿಯಾಗುತ್ತಿತ್ತು. ತಣ್ಣಗಾದಾಗ ಗ್ಲಾಸಿನ ಒಳಮೈಗೆ ಹನಿಹನಿಯಾಗಿ ಕೂರುತ್ತಿತ್ತು. ದಿನ ಕಳೆದ ಹಾಗೆ ದೀಪ ಮಬ್ಬಾಗುತ್ತಾ ಹೋಯಿತು. ಕಾರಿನವನು ಗ್ಲಾಸಿನ ಹೊರಮೈಯನ್ನು ದಿನವೂ ಒರೆಸುತ್ತಿದ್ದ. ಒರೆಸಿದ್ದಕ್ಕೆ ಅದು ಚೆನ್ನಾಗಿ ಹೊಳೆಯುತ್ತಿತ್ತು. ಅಷ್ಟು ಸಾಕೆಂದು ಅವನು ತಿಳಿದಿದ್ದ.

ಚಳಿಗಾಲ ಬಂತು, ಮದುವೆಗಳೂ ಬಂದವು. ಒಂದು ದಿಬ್ಬಣಕ್ಕೆ ಅವನ ಕಾರನ್ನು ಗೊತ್ತುಮಾಡಿದರು. ಮುಂದೆ ಮದುಮಗ ಕೂತ ಅವನ ಕಾರು, ಹಿಂದೆ ನೆಂಟರ ಬಸ್ಸು. ಹೆಣ್ಣಿನ ಊರಿನ ಛತ್ರಕ್ಕೆ ದಾರಿ ಗೊತ್ತಿದ್ದದ್ದು ಕಾರಿನವನೊಬ್ಬನಿಗೇ. ತಾಳಿ ಇದ್ದದ್ದು ಮದುಮಗನ ಅಜ್ಜಿಯ ಕೈಚೀಲದಲ್ಲಿ. ಅದನ್ನು ಅವಳು ಯಾರ ಕೈಗೂ ಕೊಡುವವಳಲ್ಲ. ಕಾರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆಂದು ಅವಳು ತಾಳಿಯ ಸಮೇತ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಹೊರಡುವ ಹೊತ್ತಿಗೆ ಬೆಳಗಿನ ಮಂಜು ದಟ್ಟವಾಗಿ ಇಳಿದಿತ್ತು. ಬಸ್ಸಿನ ಡ್ರೈವರು ಕಾರಿನ ಹಿಂದೆ ಬಂದು ನಿಂತು, "ಅಣ್ಣಾ, ನಿಮ್ ಹಿಂದಿನ್ ಲೈಟು ಯಾಕೋ ಸರಿಯಾಗಿ ಕಾಣ್ತಾ ಇಲ್ಲ," ಎಂದ.

"ನನ್ ಕಾರಲ್ಲಿ ತಪ್ಪು ಹುಡುಕೋಕೆ ಬಂದ್ಯಾ? ಮೊದ್ಲು ಹೋಗಿ ನಿನ್ ಕಣ್ಣು ತೋರಿಸ್ಕೋ," ಎಂದು ಕಾರಿನವನು ಬಾಗಿಲು ಹಾಕಿಕೊಂಡ. ಮೆಲ್ಲಗೆ ಹಾಕಿಕೊಂಡ, ಸಿಟ್ಟು ಬಂದದ್ದು ಕಾರಿನ ಮೇಲಲ್ಲವಲ್ಲ.

ದಿಬ್ಬಣ ಹೊರಟಿತು. ಸ್ವಲ್ಪ ದೂರ ಬಸ್ಸಿನವನು ಕಷ್ಟಪಟ್ಟು ಹಿಂಬಾಲಿಸಿದ. ರಸ್ತೆ ಎರಡಾಗಿ ಒಡೆಯುವಲ್ಲಿ ಕಾರು ಬಲಕ್ಕೆ ತಿರುಗಿತು. ಮಂಜಿನಲ್ಲಿ ಅವನಿಗೆ ಅದು ಕಾಣಲೇ ಇಲ್ಲ. ಅವನಿಗೆ ಕಂಡದ್ದು ಎಡಕ್ಕೆ ಹೋಗುತ್ತಿದ್ದ ಒಂದು ಒಳ್ಳೆಯ ಕೆಂಪು ದೀಪ. ಅದರ ಹಿಂದೆ ಹೋದ. ಅದು ಇನ್ನೊಂದು ಮದುವೆಗೆ ಹೂವು ಒಯ್ಯುತ್ತಿದ್ದ ವ್ಯಾನು.

ವ್ಯಾನು ಒಂದು ಛತ್ರದ ಮುಂದೆ ನಿಂತಿತು, ಬಸ್ಸೂ ನಿಂತಿತು. ಓಲಗ ಜೋರಾಗಿ ನುಡಿಯುತ್ತಿತ್ತು. ಬಾಗಿಲಲ್ಲಿ ನಿಂತವರು ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು, ಕೈಹಿಡಿದು ಒಳಗೆ ಕರೆದರು. ಅಲ್ಲಿನವರು ಇವರನ್ನು ಗಂಡಿನ ಕಡೆಯವರೆಂದುಕೊಂಡರು. ಇವರು ಅವರನ್ನು ಹೆಣ್ಣಿನ ಕಡೆಯವರೆಂದುಕೊಂಡರು. ಯಾರ ಎಣಿಕೆಯೂ ತಪ್ಪಲ್ಲ, ಮದುವೆ ಮಾತ್ರ ಬೇರೆ.

ಇಲ್ಲಿ ಮಲ್ಲಿನಾಥ ನಕ್ಕುಬಿಟ್ಟ. ಎಷ್ಟೋ ದಿನಗಳಿಂದ ಅವನು ನಕ್ಕಿರಲಿಲ್ಲ. ಗುರುಗಳು ಅವನ ನಗು ಮುಗಿಯುವ ತನಕ ಕಾದು ಮುಂದುವರಿಸಿದರು.

ದಿಬ್ಬಣದವರು ಕೂತು ಉಪ್ಪಿಟ್ಟು ತಿಂದರು, ಕೇಸರಿಬಾತು ಎರಡನೆಯ ಸಲ ಹಾಕಿಸಿಕೊಂಡರು. ಹೆಣ್ಣಿನ ಕಡೆಯವರ ಉಪಚಾರವನ್ನು ಬಾಯ್ತುಂಬ ಹೊಗಳಿದರು. ಅಜ್ಜಿ ತನಗೆ ತುಪ್ಪ ಕಡಿಮೆಯಾಯಿತೆಂದು ಸಣ್ಣ ತಕರಾರು ಕೂಡ ತೆಗೆದಳು. ಅಷ್ಟರಲ್ಲಿ ಮದುಮಗ ಬಂದನೆಂದು ಗದ್ದಲವಾಯಿತು. ಅಜ್ಜಿ ತಾಳಿಯ ಚೀಲ ಎದೆಗವಚಿಕೊಂಡು ಎಲ್ಲರಿಗಿಂತ ಮುಂದೆ ಓಡಿದಳು. ಮದುಮಗನ ಮುಖ ನೋಡಿದಳು.

"ಅಯ್ಯೋ, ಇವ್ನು ನನ್ ಮೊಮ್ಮಗ ಅಲ್ಲ ಕಣ್ರೋ!" ಎಂದು ಕೂಗಿದಳು.

ಒಂದು ಗಳಿಗೆ ಓಲಗವೂ ನಿಂತಿತು. ಆಮೇಲೆ ಇಡೀ ಛತ್ರ ನಕ್ಕಿತು. ಅಲ್ಲಿನ ಯಜಮಾನ ಒಳ್ಳೆಯವನು. ಉಂಡವರನ್ನು ಅವನು ಬೈಯಲಿಲ್ಲ. ಸರಿಯಾದ ದಾರಿ ಹೇಳಿ, ತುಪ್ಪದ ತಕರಾರು ತೀರಲೆಂದು ಒಂದು ಸ್ಟೀಲ್ ಡಬ್ಬಿ ತುಂಬ ತುಪ್ಪ ಸುರಿದ ಬಿಸಿ ಉಪ್ಪಿಟ್ಟು ತುಂಬಿಸಿ ಅಜ್ಜಿಯ ಕೈಗೆ ಕೊಟ್ಟ.

ಇತ್ತ ಸರಿಯಾದ ಛತ್ರದಲ್ಲಿ ಮದುಮಗ ಬಂದು ಇಳಿದಿದ್ದ. ಬಸ್ಸಿಲ್ಲ, ನೆಂಟರಿಲ್ಲ, ತಾಳಿಯಿಲ್ಲ. ಬಸ್ಸಿನವನಿಗೆ ಫೋನು ಮಾಡಿದರೆ ಓಲಗದ ಗದ್ದಲದಲ್ಲಿ ಅವನಿಗೆ ಕೇಳಿಸಲೇ ಇಲ್ಲ. ಮುಹೂರ್ತ ಹತ್ತಿರವಾಗುತ್ತಿತ್ತು. ಹುಡುಗಿಯ ತಾಯಿ ಒಂದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪುರೋಹಿತರು ಮಂತ್ರವನ್ನು ಎಳೆದೂ ಎಳೆದೂ ಹೇಳುತ್ತಿದ್ದರು.

"ಬಸ್ಸಿನವ್ನಿಗೆ ಓಡ್ಸೋಕೆ ಬರಲ್ಲ. ನಾನಂತೂ ದೀಪ ಹಾಕ್ಕೊಂಡೇ ಬಂದೆ," ಎಂದು ಕಾರಿನವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಮದುಮಗ ಬಾಸಿಂಗ ಕಟ್ಟಿಕೊಂಡೇ ಎದ್ದು ಹೊರಗೆ ಬಂದ. "ಅಣ್ಣಾ, ಆ ದೀಪ ಹಾಕಿ ಒಂದ್ಸಲ ಹಿಂದಕ್ಕೆ ಬನ್ನಿ," ಎಂದ.

ಕಾರಿನವನು ದೀಪ ಹಾಕಿ ಹಿಂದಕ್ಕೆ ಹೋದ. ಆ ಕಾರನ್ನು ಅವನು ಎಲ್ಲ ಕಡೆಯಿಂದಲೂ ನೋಡಿದ್ದ, ಕೆಳಗೆ ಮಲಗಿಯೂ ನೋಡಿದ್ದ. ದೀಪ ಉರಿಯುತ್ತಿರುವಾಗ ಹಿಂದೆ ನಿಂತು ಮಾತ್ರ ನೋಡಿರಲಿಲ್ಲ. ಓಡಿಸುವವನು ಯಾವಾಗಲೂ ಮುಂದೆ ಕೂತಿರುತ್ತಾನೆ. ಈಗ ನೋಡಿದ. ಗ್ಲಾಸಿನ ಹೊರಮೈ ಫಳಫಳ ಎನ್ನುತ್ತಿತ್ತು. ಒಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಹೇಳುವುದೇ ಕಷ್ಟವಾಗಿತ್ತು. ತನ್ನಿಂದ ಒಂದು ಮದುವೆ ನಿಂತುಹೋಗುತ್ತದೆ ಎಂದು ಅವನಿಗೆ ಭಯವಾಯಿತು, ದುಃಖವೂ ಆಯಿತು.

ಆಗ ರಸ್ತೆಯ ತಿರುವಿನಿಂದ ಹಾರನ್ನು ಕೇಳಿಸಿತು. ಬಸ್ಸಿನವನು ಹಾರನ್ನಿನ ಮೇಲಿಟ್ಟ ಕೈ ತೆಗೆಯದೆ ಬರುತ್ತಿದ್ದ. ಬಸ್ಸು ನಿಲ್ಲುವ ಮೊದಲೇ ಅಜ್ಜಿ ಕಿಟಕಿಯಿಂದ ಚೀಲ ಚಾಚಿದಳು. ಮದುಮಗನೇ ಓಡಿ ಹೋಗಿ ಅದನ್ನು ಇಸಿದುಕೊಂಡ. ಮುಹೂರ್ತ ಮೀರಲಿಲ್ಲ. ತಾಳಿ ಕಟ್ಟಿದಾಗ ಬಿದ್ದಷ್ಟು ಅಕ್ಷತೆ ಯಾವ ಮದುವೆಯಲ್ಲೂ ಬಿದ್ದಿರಲಿಕ್ಕಿಲ್ಲ. ಹುಡುಗಿಯ ತಾಯಿ ಈಗಲೂ ಅಳುತ್ತಿದ್ದಳು, ಆದರೆ ನಗುತ್ತಾ ಅಳುತ್ತಿದ್ದಳು.

ಎಲ್ಲರೂ ಊಟಕ್ಕೆ ಕೂತರು. ಕಾರಿನವನು ಕೂರಲಿಲ್ಲ. ಅಂಗಳದಲ್ಲಿ ದೀಪ ಬಿಚ್ಚಿಟ್ಟುಕೊಂಡು ಅದರ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಎಲ್ಲಿಂದಲೋ ಇನ್ನೂ ನೀರು ನುಸುಳುತ್ತಿದೆ ಎಂದು ಅವನ ಲೆಕ್ಕ. ಇನ್ನೊಂದು ಟ್ಯೂಬು ಅಂಟು ಕೈಯಲ್ಲಿತ್ತು.

ಅಜ್ಜಿ ಅವನನ್ನು ಹುಡುಕಿಕೊಂಡು ಬಂದಳು. "ಊಟಕ್ಕೇಳಪ್ಪಾ. ಆಗಿದ್ದು ಆಯ್ತು. ನಿನ್ನಿಂದ ನಮ್ಗೆ ಎರಡು ಮದ್ವೆ ಊಟ ಸಿಕ್ತು," ಎಂದಳು. ಅವನು ಏಳಲಿಲ್ಲ. ಹಸಿದಿರಬೇಕೆಂದು ಅವಳು ಅಲ್ಲೇ ಕೂತು ಉಪ್ಪಿಟ್ಟಿನ ಡಬ್ಬಿ ತೆರೆದಳು. ಮುಚ್ಚಳದಿಂದ ನೀರು ತೊಟತೊಟನೆ ಉಪ್ಪಿಟ್ಟಿನ ಮೇಲೆ ಬಿತ್ತು.

"ಥೂ, ಬೆವತು ಮುದ್ದೆಯಾಗಿದೆ ನೋಡು. ಬಿಸಿಬಿಸೀದನ್ನ ಹಿಂಗೆ ಗಟ್ಟಿಯಾಗಿ ಮುಚ್ತಾರಾ? ಮುಚ್ಚಳ ಒಂಚೂರು ಓರೆ ಮಾಡ್ಬೇಕು ತಾನೆ," ಎಂದು ಗೊಣಗಿದಳು.

ಕಾರಿನವನು ಮುಚ್ಚಳ ನೋಡಿದ. ಗ್ಲಾಸು ನೋಡಿದ. ಮತ್ತೆ ಮುಚ್ಚಳ ನೋಡಿದ. "ಅಜ್ಜೀ, ನಿಮ್ ಬಳೇಲಿರೋ ಪಿನ್ನು ಒಂದ್ಸಲ ಕೊಡಿ," ಎಂದ.

ಆ ಪಿನ್ನಿನಿಂದ ದೀಪದ ತಳದ ತೂತಿಗೆ ತಾನೇ ಮೆತ್ತಿದ್ದ ಅಂಟನ್ನು ಕೆದಕಿ ತೆಗೆದ. ದೀಪವನ್ನು ಬಿಸಿಲಿಗೆ ಬೋರಲು ಹಾಕಿದ. ಮಂಜು ಹರಿದು ಒಳ್ಳೆಯ ಬಿಸಿಲು ಬಂದಿತ್ತು. ಪಂಚರ್ ಅಂಗಡಿಯಿಂದ ಹಳೆಯ ಟ್ಯೂಬಿನ ತುಂಡು ತಂದು ಕತ್ತರಿಸಿ, ಬಿರುಕು ಬಿಟ್ಟ ರಬ್ಬರಿನ ಜಾಗಕ್ಕೆ ಕೂರಿಸಿದ. ಗ್ಲಾಸಿನ ಮಬ್ಬು ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಕರಗುತ್ತಾ ಬಂತು. ಅವನು ಪಕ್ಕದಲ್ಲೇ ಕೂತು ಅದನ್ನು ನೋಡುತ್ತಾ ಮುದ್ದೆಯಾದ ಉಪ್ಪಿಟ್ಟನ್ನು ತಳ ಕಾಣುವವರೆಗೆ ತಿಂದ. ಅಷ್ಟು ರುಚಿಯಾದ ಉಪ್ಪಿಟ್ಟು ತಾನು ತಿಂದೇ ಇಲ್ಲ ಎಂದು ಅಜ್ಜಿಗೆ ಹೇಳಿದ. ಅಜ್ಜಿ ನಂಬಲಿಲ್ಲ.

ಸಂಜೆ ದಿಬ್ಬಣ ಹಿಂತಿರುಗಿತು. ಮುಂದೆ ಮದುಮಕ್ಕಳ ಕಾರು, ಹಿಂದೆ ಹಾಡು ಹೇಳುತ್ತಾ ನೆಂಟರ ಬಸ್ಸು. ರಸ್ತೆ ಎರಡಾಗುವಲ್ಲಿ ಕಾರಿನವನು ಕಾರು ನಿಲ್ಲಿಸಿದ. ಇಳಿದು ಹಿಂದಕ್ಕೆ ಬಂದ. "ಕಾಣ್ತಾ ಇದ್ಯಾ ತಮ್ಮಾ?" ಎಂದು ಬಸ್ಸಿನವನನ್ನು ಕೇಳಿದ.

"ಚೆನ್ನಾಗ್ ಕಾಣ್ತಾ ಇದೆ ಅಣ್ಣಾ. ನಿಮ್ ಮುಖಾನೂ ಕೆಂಪಗೆ ಕಾಣ್ತಾ ಇದೆ," ಎಂದ ಬಸ್ಸಿನವನು. ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಾರಿನವನು ನಕ್ಕ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥನ ಮುಖದಲ್ಲಿ ಇನ್ನೂ ನಗು ಇತ್ತು.

"ಹಾಗಾದರೆ ಆ ತೂತನ್ನು ಕಾರು ಮಾಡಿದವರು ಬೇಕೆಂದೇ ಬಿಟ್ಟಿದ್ದರೇ, ಗುರುಗಳೇ?" ಎಂದು ಕೇಳಿದ.

"ಬೇಕೆಂದೇ ಬಿಟ್ಟಿದ್ದರು," ಎಂದರು ಗುರುಗಳು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ನಿನ್ನ ಪಾಠದಲ್ಲಿ 'ಇದು ನನಗೆ ಗೊತ್ತಿಲ್ಲ' ಎಂದು ನೀನು ಕೊನೆಯ ಸಲ ಹೇಳಿದ್ದು ಯಾವತ್ತು, ಮಲ್ಲಿನಾಥ?"

ತಡವರಿಸದೆ ಉತ್ತರ ಕೊಡುವ ಮಲ್ಲಿನಾಥ ತಡವರಿಸುತ್ತಾ, "ಅದು... ನನಗೆ ಗೊತ್ತಿಲ್ಲ, ಗುರುಗಳೇ," ಎಂದ, ಹಾಗೆಂದದ್ದಕ್ಕೆ ತಾನೇ ನಕ್ಕ.